ಗೋಡೆಯಿಲ್ಲದ ಅಡುಗೆಮನೆ

ನಮ್ಮ ಬೀದಿಯ ದರ್ಜಿ ಅಕ್ಕ, ತನ್ನ ಅತ್ತೆಯ ಮಾತು ಮೀರಿ, ಹೊಲಿಗೆಯ ಕಾಸೆಲ್ಲ ಸುರಿದು ಅಡುಗೆಮನೆಯ ಗೋಡೆ ಒಡೆಸಿದಳು. ಓಪನ್ ಕಿಚನ್ ಎಂದರೆ ಸುಮ್ಮನೆಯೇ? ಈರುಳ್ಳಿ ಹೆಚ್ಚಿದರೆ ಸೋಫಾದಲ್ಲಿ ಕೂತವರೂ ಕಣ್ಣೀರಿಡಬೇಕು. ಮಿಕ್ಸಿ ತಿರುಗಿದರೆ ಟಿವಿಯೊಳಗಿನವರು ಸದ್ದಿಲ್ಲದೆ ಬರೀ ತುಟಿ ಆಡಿಸಬೇಕು. ಅಂಥ ಸೌಭಾಗ್ಯ!

ಅದನ್ನೆಲ್ಲ ಅವಳು ಸಹಿಸಿಕೊಂಡಳು. ಆದರೆ ಮದುವೆಯಾದಾಗಿನಿಂದ ಅತ್ತೆಯ ಮೇಲಿನ ಸಿಟ್ಟನ್ನು ಆ ಗೋಡೆಯ ಹಿಂದೆ ಗೊಣಗಿ ಮುಗಿಸಿ, ನಗುಮುಖ ಹೊತ್ತು ಹೊರಬರುತ್ತಿದ್ದವಳು ಅವಳು. ಈಗ ತುಟಿ ಅಲುಗಿದರೂ ಸೋಫಾದಿಂದ ಅತ್ತೆ ಕೇಳುತ್ತಿದ್ದರು.

"ಏನೋ ಅಂದ್ಯಲ್ಲಾ?"

"ಏನಿಲ್ಲ ಅತ್ತೆ, ಉಪ್ಪು ಹುಡುಕ್ತಿದ್ದೆ."

ಹೀಗೆ ದಿನವೂ ಉಪ್ಪು ಹುಡುಕಿ, ನುಂಗಿದ ಮಾತಿಗೇ ಅವಳ ಹೊಟ್ಟೆ ಉಬ್ಬಿಹೋಯಿತು. ಗೋಡೆ ಮತ್ತೆ ಬೇಕೆಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಒಂದು ಬೆಳಿಗ್ಗೆ ಬಾಗಿಲಲ್ಲಿ ಗಾರೆ ಕೆಲಸದವನು ನಿಂತಿದ್ದ. "ದೊಡ್ಡಮ್ಮೋರು ಫೋನ್ ಮಾಡಿದ್ರು. ಗೋಡೆ ಕಟ್ಬೇಕಂತೆ."

ಅವಳು ಬೆರಗಾಗಿ ಅತ್ತೆಯ ಕಡೆ ತಿರುಗಿದಳು.

"ಹಾಗೇನ್ ನೋಡ್ತೀಯೇ?" ಎಂದರು ಅತ್ತೆ. "ಮೂರು ಹೊತ್ತೂ ಕಣ್ಣೆದುರೇ ನಿಂತಿರ್ತೀಯ. ಮಗಳಿಗೆ ಫೋನ್ ಮಾಡಿ ನಿನ್ನ ವಿಷಯ ಹೇಳೋದಾದ್ರೂ ಹೇಗೆ?"

ಸೊಸೆಗೆ ಹೋದ ಜೀವ ಬಂದಂತಾಯಿತು. ಗಾರೆಯವನನ್ನು ಒಳಗೆ ಕರೆದು ಹೇಳಿದಳು, "ಸ್ವಲ್ಪ ದಪ್ಪಗೇ ಕಟ್ಟಪ್ಪಾ."