ಸವದತ್ತಿಯಲ್ಲಿ ಅದಲುಬದಲಾದ ಲಾರಿಗಳು

ತೊಂಬತ್ತರ ದಶಕದ ಕೊನೆಯ ಮಾತು. ಪದವಿ ಮುಗಿಸಿ ನಾನು ಬೈಲಹೊಂಗಲದಲ್ಲಿ ಅಪ್ಪನ ಲಾರಿ ಕಂಪನಿಯ ಆಫೀಸಿನಲ್ಲಿ ಕೂರಲು ಶುರು ಮಾಡಿದ್ದೆ. ನಮ್ಮ ಲಾರಿಗಳು ಹತ್ತಿಕಾಳು ಹೇರಿಕೊಂಡು ರಾಮದುರ್ಗಕ್ಕೆ ಹೋಗಿ ಖಾಲಿ ಬರುತ್ತಿದ್ದವು. ರಾಮದುರ್ಗದ ಇನ್ನೊಂದು ಕಂಪನಿಯ ಲಾರಿಗಳು ಕೈಮಗ್ಗದ ಸೀರೆ ಹೇರಿಕೊಂಡು ನಮ್ಮೂರನ್ನು ದಾಟಿ ಕಿತ್ತೂರಿಗೆ ಹೋಗಿ, ಅವೂ ಖಾಲಿ ಮರಳುತ್ತಿದ್ದವು. ಮುರಗೋಡದ ಹತ್ತಿರ ಖಾಲಿ ಲಾರಿಗಳು ಎದುರಾದಾಗ ಡ್ರೈವರುಗಳು ಹಾರ್ನ್ ಹೊಡೆದು ನಗುತ್ತಿದ್ದರಂತೆ. ಅದನ್ನು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಆ ಕಂಪನಿ ನಡೆಸುತ್ತಿದ್ದ ಹೆಣ್ಣುಮಗಳಿಗೆ ಫೋನ್ ಮಾಡಿದೆ.

"ಅಕ್ಕಾರ, ಸವದತ್ತಿಯೊಳಗ ಮಾಲು ಅದಲುಬದಲು ಮಾಡಿಕೊಂಡ್ರ ಹೆಂಗರಿ? ಯಾರ ಗಾಡಿನೂ ಖಾಲಿ ತಿರುಗೂದಿಲ್ಲ."

ಆಕೆ ನಕ್ಕ ಸದ್ದಿಗೆ ರಿಸೀವರನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಇಷ್ಟ ದಿನ ಎಲ್ಲಿದ್ದಿ ತಂಗಿ? ನಾಳೆನ ಬಾ!"

ಅಪ್ಪ ಮಾತ್ರ ಹುಬ್ಬು ಗಂಟಿಕ್ಕಿದರು. "ಅವರ ಮಾಲು ನಮ್ಮ ಗಾಡ್ಯಾಗ? ಹುಚ್ಚಿ ಏನು ನೀ?"

ಆದರೂ ಬೇಡವೆನ್ನಲಿಲ್ಲ. ಮರುದಿನ ಲಾರಿಯಲ್ಲೇ ಸವದತ್ತಿಗೆ ಹೋದೆ. ಬೇವಿನ ಮರದ ಕೆಳಗೆ ಒಂದು ಕಡೆ ಹತ್ತಿಕಾಳಿನ ಚೀಲ, ಇನ್ನೊಂದು ಕಡೆ ಸೀರೆಯ ಗಂಟು ಇಳಿದವು. ಅಕ್ಕ ಪೇಢೆ ತಂದಿದ್ದರು. ಹಮಾಲರು, ಡ್ರೈವರುಗಳು, ನಾವಿಬ್ಬರು, ಎಲ್ಲರೂ ತಿಂದು, ಚಹಾ ಕುಡಿದು, ಏನೋ ಗೆದ್ದವರ ಹಾಗೆ ಹರಟಿದೆವು. ಮಾಲು ಹೇರಿ ತಾಡಪತ್ರಿ ಬಿಗಿದದ್ದೇ ತಡ, ಎರಡೂ ಲಾರಿ ತಮ್ಮ ತಮ್ಮ ಊರಿನತ್ತ ಹೊರಟವು.

ಬೈಲಹೊಂಗಲದಲ್ಲಿ ಅಪ್ಪ ಹಗ್ಗ ಬಿಚ್ಚಿ ನೋಡಿದರೆ ಒಳಗೆ ನಮ್ಮವೇ ಹತ್ತಿಕಾಳಿನ ಚೀಲಗಳು! ಹಮಾಲರು ರೂಢಿಯಂತೆ ಯಾರ ಮಾಲನ್ನು ಅವರ ಲಾರಿಗೇ ಹೇರಿಬಿಟ್ಟಿದ್ದರು. ಅಷ್ಟರಲ್ಲಿ ಫೋನು ರಿಂಗಣಿಸಿತು.

"ತಂಗಿ, ನನ್ನ ಸೀರಿ ಸವದತ್ತಿ ನೋಡಿಕೊಂಡು ಮನಿಗೆ ಬಂದಾವ!"

ನಾನು ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡೆ. ಅಪ್ಪ ಬಯ್ಯಲೆಂದೇ ಬಾಯಿ ತೆರೆದರು, ಆದರೆ ಹೊರಬಿದ್ದದ್ದು ನಗು. ಹೊಟ್ಟೆ ಹಿಡಿದುಕೊಂಡು ಚೀಲದ ಮೇಲೆಯೇ ಕುಳಿತುಬಿಟ್ಟರು. ನಗು ನಿಂತ ಮೇಲೆ ಅವರೇ ಹೇಳಿದರು: "ಮಾಲು ಯಾಕ ಇಳಸ್ತೀರಿ? ಡ್ರೈವರ್ ಬದಲಾದ್ರ ಸಾಕಲ್ಲ! ನಮ್ಮ ಗಾಡಿ ಅವರ ಡ್ರೈವರ್ ಒಯ್ಲಿ, ಅವರದು ನಮ್ಮ ಡ್ರೈವರ್ ತರಲಿ. ಮುಂದಿನ ಸಲ ಅವರ ಸೀರಿ ಹೇರಿಕೊಂಡ ನಮ್ಮ ಗಾಡಿ ವಾಪಸ್ ಬರ್ತದ."

ಅದೇ ಹೊಳೆದಿರಲಿಲ್ಲ ನಮಗೆ! ಮುಂದಿನ ಸಲ ಸವದತ್ತಿಯಲ್ಲಿ ಒಂದು ಚೀಲವೂ ಇಳಿಯಲಿಲ್ಲ. ನಮ್ಮ ಡ್ರೈವರ್ ಮಾತ್ರ, ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ, ರಾಮದುರ್ಗದವನಿಗೆ ಬುದ್ಧಿ ಹೇಳುತ್ತಲೇ ಇದ್ದ.

"ಎರಡನೇ ಗೇರು ಭಾಳ ಹಟಮಾರಿ ಅದರಿ. ಸಿಟ್ಟು ಮಾಡಬ್ಯಾಡ್ರಿ, ಸಾವಕಾಶ ಹಾಕ್ರಿ."

"ನಮ್ಮ ಗಾಡಿ ಹಾರ್ನಿಗೆ ಎರಡು ಸಲ ಗುದ್ದಬೇಕರಿ," ಎಂದು ಆತನೂ ತನ್ನ ಗುಟ್ಟು ಬಿಟ್ಟುಕೊಟ್ಟ.

ನಾನು ಸೀರೆಯ ಲಾರಿ ಹತ್ತಿದೆ. ಬೈಲಹೊಂಗಲ ಬಂದರೂ ಇಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಎದುರಾದ ಬಸ್ಸು, ಚಕ್ಕಡಿ, ಎಲ್ಲಕ್ಕೂ ಕೈ ಬೀಸುತ್ತ ಕಿತ್ತೂರಿನವರೆಗೆ ಹೋದೆ.

ಕೆಲವು ವರ್ಷಗಳಲ್ಲಿ ಎರಡೂ ಕಂಪನಿ ಒಂದೇ ಆದವು. ಲಾರಿಗಳ ಮೇಲೆ ಯಾರ ಹೆಸರು ಮೊದಲು ಎಂದು ಅಪ್ಪ ಮತ್ತು ಅಕ್ಕ ವಾರಗಟ್ಟಲೆ ಜಗಳಾಡಿದರು. ಕೊನೆಗೆ ಪೇಂಟರನೇ ಬೇಸತ್ತು, ಲಾರಿಯ ಎಡಕ್ಕೆ ಅವರ ಹೆಸರು ಮೊದಲು, ಬಲಕ್ಕೆ ನಮ್ಮದು ಮೊದಲು ಬರೆದು ಹೋದ. ಇಬ್ಬರೂ ತಮ್ಮ ತಮ್ಮ ಬದಿಗೆ ನಿಂತು ನೋಡಿ, ತಾವೇ ಗೆದ್ದೆವೆಂದು ಬೀಗಿದರು.