ಕೆಂಪು ಗುಂಡಿ ಒತ್ತಿದ್ದು ನಾನೇ

ವಾರಕ್ಕೊಮ್ಮೆ ಬದಲಾಗುವ ಪಾಳಿಯಿಂದ ನನ್ನ ನಿದ್ದೆ ಪೂರಾ ಕೆಟ್ಟಿತ್ತು. ಮರಾಠಿ ನಾಡಿನ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ನಾನು ತಗಡು ಒತ್ತುವ ಪ್ರೆಸ್ ಮಷೀನು ನಡೆಸುತ್ತೇನೆ. ಸೂಪರ್‌ವೈಸರ್ ನನ್ನ ಹಾಗೆಯೇ ವಿಜಯಪುರದ ಕಡೆಯವರು. ನಿದ್ದೆಗೆಟ್ಟ ನನ್ನ ಕಣ್ಣು ನೋಡಿ ಒಂದು ಡಬ್ಬಿ ನಿದ್ದೆ ಗುಳಿಗೆ ತಂದುಕೊಟ್ಟರು.

“ಇದು ಔಷಧ ಅಲ್ರಿ ಅಕ್ಕಾರ, ಬರೇ ಸಪ್ಲಿಮೆಂಟ್. ಏನೂ ಆಗಂಗಿಲ್ಲ.”

ನಿದ್ದೆಯೇನೋ ಬಂತು. ಆದರೆ ಎದ್ದ ಮೇಲೂ ಅದು ನನ್ನನ್ನು ಬಿಡಲಿಲ್ಲ. ಮೂರನೆಯ ದಿನ ಬೆಳಗಿನ ಪಾಳಿಯಲ್ಲಿ, ಹಿಂದಿನ ನಾಲ್ಕೈದು ತಗಡುಗಳನ್ನು ಯಾವಾಗ ಇಟ್ಟೆನೆಂಬುದೇ ನೆನಪಾಗಲಿಲ್ಲ. ಕೆಂಪು ಗುಂಡಿ ಒತ್ತಿ ಮಷೀನು ನಿಲ್ಲಿಸಿದೆ.

ಸೂಪರ್‌ವೈಸರ್ ಓಡಿಬಂದರು. “ಯಾಕ್ ನಿಲ್ಲಿಸಿದ್ರಿ? ಚಾಲೂ ಮಾಡ್ರಿ!”

“ಮಾಡಂಗಿಲ್ರಿ. ನೀವು ಕೊಟ್ಟ ಗುಳಿಗಿ ಇನ್ನೂ ತಲ್ಯಾಗ ಅದ. ನನ್ನ ಕೈ ಹೋದ್ರ ನೀವು ತಂದು ಕೊಡ್ತೀರೇನು?”

ಮಧ್ಯಾಹ್ನ ಆಫೀಸಿನಲ್ಲಿ ಮ್ಯಾನೇಜರು ಮರಾಠಿಯಲ್ಲಿ ಟೈಪು ಮಾಡಿದ ತಪ್ಪೊಪ್ಪಿಗೆಯನ್ನು ಮುಂದಿಟ್ಟರು. ನಿಷ್ಕಾಳಜಿಯಿಂದ ಕೆಲಸದಲ್ಲಿ ತೂಕಡಿಸಿದೆ ಎಂದು ಅದರಲ್ಲಿತ್ತು. ಮೂರು ಸಲ ಕರೆದರು, ಮೂರು ಸಲವೂ ಸಹಿ ಹಾಕಲಿಲ್ಲ. ಕೊನೆಗೆ ಬೇರೆ ಹಾಳೆ ಕೇಳಿ, ಗುಳಿಗೆ ಕೊಟ್ಟವರು ಯಾರು, ಪಾಳಿ ಎಷ್ಟು ಸಲ ಬದಲಾಯಿತು, ಮಷೀನು ಯಾಕೆ ನಿಲ್ಲಿಸಿದೆ ಎಂಬುದೆಲ್ಲವನ್ನೂ ನನ್ನ ತಪ್ಪುತಪ್ಪು ಮರಾಠಿಯಲ್ಲೇ ಬರೆದು ಸಹಿ ಹಾಕಿದೆ. ಮ್ಯಾನೇಜರು ಅದನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿದರು.

ಗುಳಿಗೆ ಅಂದೇ ಬಿಟ್ಟೆ. ನನಗೆ ಒಂದೇ ಪಾಳಿ ಕೊಡಿ ಎಂದು ಅರ್ಜಿಯನ್ನೂ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಹೋಗಿ ಕೇಳುತ್ತೇನೆ.