ಕಮಲಾಕ್ಷಮ್ಮನ ಅಂಟುವಾಳ ನೆಲದೆಣ್ಣೆಗೆ ಹೋದದ್ದು

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ ಚನ್ನಬಸವಯ್ಯನವರ ಮನೆ ಎಲ್ಲಿ ಎಂದು ಕೇಳಿದರೆ ಆಟೋದವರು ಒಂದು ಗಳಿಗೆ ಯೋಚಿಸುತ್ತಿದ್ದರು. ರೇಷ್ಮೆ ಸೀರೆ ತೊಳೆಯುವ ಅವರ ಹೆಂಡತಿ ಕಮಲಾಕ್ಷಮ್ಮನ ಮನೆ ಎಂದರೆ ನೇರವಾಗಿ ಬಾಗಿಲಿಗೇ ತಂದು ಬಿಡುತ್ತಿದ್ದರು. ಲಗ್ನದ ತಿಂಗಳು ಕಳೆದರೆ ಸಾಕು, ಬೇಲೂರು, ಹಳೇಬೀಡಿನಿಂದಲೂ ಸೀರೆಗಳು ಬರುತ್ತಿದ್ದವು. ಒಂದಕ್ಕೆ ತುಪ್ಪ ಚೆಲ್ಲಿರುತ್ತಿತ್ತು, ಇನ್ನೊಂದಕ್ಕೆ ತಲೆಗೆ ಹಚ್ಚಿದ ಎಣ್ಣೆ ಇಳಿದಿರುತ್ತಿತ್ತು. ಕಮಲಾಕ್ಷಮ್ಮ ಅಂಟುವಾಳದ ಕಾಯಿ ನೆನೆಸಿ, ಬೀಜ ತೆಗೆದು, ಕಿವುಚಿ, ಆ ನೊರೆಯಲ್ಲೇ ಎಲ್ಲವನ್ನೂ ಬಿಡಿಸುತ್ತಿದ್ದರು. ಕಾಯಿ ತಂದು ಕೊಡುತ್ತಿದ್ದವಳು ಮಾಲೇಕಲ್ಲು ಬೆಟ್ಟದ ಕಡೆಯ ಬೋರಮ್ಮ.

ಮೂರು ವರ್ಷದ ಹಿಂದೆ ಕಮಲಾಕ್ಷಮ್ಮನ ತಂಗಿಯ ಮಗ ಶರತ್ಚಂದ್ರ ರಜೆಗೆ ಬಂದಿದ್ದ. ಅವನು ಗುಜರಾತಿನ ಒಂದು ತೈಲ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಕಾಫಿ ಲೋಟ ಹಿಡಿದುಕೊಂಡು ಹಿತ್ತಲಿಗೆ ಬಂದವನು, ದೊಡ್ಡಮ್ಮನ ಕೈಯಲ್ಲಿ ಎಣ್ಣೆಕಲೆ ಕರಗುವುದನ್ನು ನೋಡುತ್ತ ನಿಂತುಬಿಟ್ಟ.

"ದೊಡ್ಡಮ್ಮ, ನಾವು ಹತ್ತು ವರ್ಷದಿಂದ ಒದ್ದಾಡ್ತಿರೋದೂ ಇದಕ್ಕೇ," ಎಂದ.

ನೆಲದಡಿಯ ಎಣ್ಣೆ ಕೆರೆಯಂತೆ ನಿಂತಿರುವುದಿಲ್ಲವಂತೆ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ಅಂಟಿಕೊಂಡಿರುತ್ತದಂತೆ. ಪಂಪು ಹಾಕಿ ಎಳೆದರೂ ಅರ್ಧಕ್ಕಿಂತ ಹೆಚ್ಚು ಅಲ್ಲೇ ಉಳಿಯುತ್ತದೆ. ಅದನ್ನು ಬಿಡಿಸಲು ಸೋಪಿನಂಥ ರಾಸಾಯನಿಕ ಕಲಸಿದ ನೀರನ್ನು ಒಳಗೆ ನುಗ್ಗಿಸುತ್ತಾರೆ. ಅದರಿಂದ ಅಂತರ್ಜಲ ಕೆಡುವ ಭಯ. ಪರಿಸರಕ್ಕೆ ಹಾನಿ ಮಾಡದ ಒಂದು ನೊರೆಯನ್ನು ಅವರು ಹುಡುಕುತ್ತಿದ್ದರು.

"ತಗೊಂಡು ಹೋಗು," ಎಂದು ಕಮಲಾಕ್ಷಮ್ಮ ಎರಡು ಸೇರು ಕಾಯಿ ಕಟ್ಟಿಕೊಟ್ಟರು. "ಕಲ್ಲು ಬಣ್ಣ ಬಿಡಲ್ವಲ್ಲ, ಧೈರ್ಯವಾಗಿ ತೊಳಿ."

ಆರು ತಿಂಗಳಿಗೆ ಫೋಟೋ ಬಂತು. ಗಾಜಿನ ಕೊಳವೆಯಲ್ಲಿ ಕಲ್ಲಿನ ತುಂಡು, ಅದರಿಂದ ಇಳಿದ ಕಪ್ಪು ಎಣ್ಣೆ. ಬರಿ ನೀರಿಗೆ ಬಾರದಿದ್ದದ್ದು ಅಂಟುವಾಳಕ್ಕೆ ಬಂದಿತ್ತು. ಕಮಲಾಕ್ಷಮ್ಮನಿಗೆ ಹಿಗ್ಗೋ ಹಿಗ್ಗು. ಫೋನು ಮಾಡಿ ಹೊಗಳಿದ ಮೇಲೆ ಒಂದು ಮಾತು ಕೇಳಿದರು:

"ಅಷ್ಟು ಜೋಪಾನವಾಗಿ ತೆಗೆದ ಎಣ್ಣೆನ ಆಮೇಲೆ ಏನ್ ಮಾಡ್ತೀರಪ್ಪ?"

"ಉರಿಸ್ತಾರೆ, ದೊಡ್ಡಮ್ಮ."

"ಹೊಗೆ ಬರಲ್ವಾ?"

"ಅದು ಬೇರೆ ವಿಭಾಗ," ಎಂದ ಶರತ್ಚಂದ್ರ.

ಸೀರೆ ತಂದವರಿಗೆಲ್ಲ ಅವರು ಆ ಫೋಟೋ ತೋರಿಸಿದರು. ಗಂಡನ ಕೊಬ್ಬರಿ ಮಂಡಿಯಲ್ಲಿ ಕೂರುತ್ತಿದ್ದ ದಲ್ಲಾಳಿ ಪುಟ್ಟರಾಜುವಿಗೂ ತೋರಿಸಿದರು. ಪುಟ್ಟರಾಜು ಫೋಟೋವನ್ನು ಎರಡು ಸಲ ದೊಡ್ಡದು ಮಾಡಿ ನೋಡಿ, ತಕ್ಷಣ ಎದ್ದು ಹೋದ.

ಮುಂದಿನ ಸುಗ್ಗಿಯಲ್ಲಿ ಬೋರಮ್ಮ ಬರಿಗೈಯಲ್ಲಿ ಬಂದಳು. "ಒಂದು ಕಾಯೂ ಇಲ್ಲ ಕಣವ್ವ. ಪೆಟ್ರೋಲ್ ಬಾವಿ ತೊಳ್ಯಾಕೆ ರೈಲ್ನಾಗೆ ಓಯ್ತದಂತೆ. ಪುಟ್ಟರಾಜಣ್ಣ ಮರದ್ ಕೊಂಬೆನೇ ಕಡಿಸಿ ಉದುರಿಸ್ಕಂಡು ಹೋದ. ನಿಮ್ಮ ಮನೇಲೇ ಗೊತ್ತಾಗಿದ್ದಂತಲ್ಲ."

ಕಮಲಾಕ್ಷಮ್ಮ ವಿಧಿಯಿಲ್ಲದೆ ಅಂಗಡಿಯ ಸೋಪಿನ ಪುಡಿ ತರಿಸಿದರು. ಹಳೇಬೀಡಿನ ಉಷಾರಾಣಿಯ ಧಾರೆ ಸೀರೆಯ ಅಂಚಿನ ಕೆಂಪು ಬಣ್ಣ ಒಡಲಿಗೆಲ್ಲ ಹರಡಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ಒಬ್ಬರ ಮನೆಗೆ ಬಸ್ಸಿನಲ್ಲಿ ಹೋಗಿ ತಪ್ಪಾಯಿತು ಎಂದು ಹೇಳಿ ಬಂದರು. ಉಷಾರಾಣಿ ಬೈಯಲಿಲ್ಲ, ಊಟಕ್ಕೆ ಕೂರಿಸಿದಳು. ಅದು ಇನ್ನೂ ಚುಚ್ಚಿತು.

ಸಂಜೆ ಮನೆಗೆ ಬಂದವರೇ ಶರತ್ಚಂದ್ರನಿಗೆ ಫೋನು ಮಾಡಿ, ಸೋಪಿನ ಪುಡಿ ಸೀರೆ ಕೆಡಿಸಿದ್ದನ್ನು ಹೇಳಿದರು.

"ನಿಮ್ಮ ಕೇಂದ್ರಕ್ಕೆ ಎಷ್ಟು ಲೋಡು ಬೇಕೋ ಮಾರಾಯ?"

"ಲೋಡಾ? ನಾವು ಒಟ್ಟು ತರಿಸಿದ್ದೇ ಹತ್ತು ಕಿಲೋ, ದೊಡ್ಡಮ್ಮ. ಬಾವಿಗೆ ಇಳಿಸೋಕೆ ಇನ್ನೂ ಎಷ್ಟೋ ವರ್ಷ ಬೇಕು. ಇಳಿಸ್ತಾರೋ ಇಲ್ವೋ ಅದೂ ಗೊತ್ತಿಲ್ಲ." ಆಮೇಲೆ ಸಂಕೋಚದಿಂದ ಸೇರಿಸಿದ: "ಇನ್ನೊಂದು ವಿಷಯ. ನೀವು ತಂದಿರೋ ಆ ಸೋಪಿನ ಪುಡಿ, ಅದನ್ನೂ ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಮಾಡೋದು."

ಕಮಲಾಕ್ಷಮ್ಮ ಫೋನಿಟ್ಟರು. ಚನ್ನಬಸವಯ್ಯ ಏನಾಯಿತು ಎಂದು ಕೇಳಿದರೆ, "ಅವರು ಪರಿಸರ ಉಳಿಸ್ತಾ ಇದ್ದಾರಂತೆ ಕಣ್ರೀ," ಎಂದಷ್ಟೇ ಹೇಳಿದರು.

ಮಳೆಗಾಲ ಶುರುವಾದಾಗ ಪುಟ್ಟರಾಜು ಬಂದ. ಕೊಳ್ಳುವವರಿಲ್ಲದೆ ಅವನ ಗೋದಾಮಿನಲ್ಲಿ ನಲವತ್ತು ಚೀಲ ಅಂಟುವಾಳ ಕೂತಿತ್ತು. ಮೇಲಿನ ಚೀಲಗಳಿಗೆ ಬೂಷ್ಟು ಹಿಡಿದಿತ್ತು.

"ನೀವೇ ಒಂದು ದಾರಿ ತೋರಿಸ್ಬೇಕಮ್ಮ," ಎಂದ.

ಅವರಿಗೆ ಬೈಯುವ ಮನಸ್ಸಿತ್ತು. ಆದರೆ ಕಾಯಿ ಹಾಳಾಗುವುದನ್ನು ನೋಡಲಾಗಲಿಲ್ಲ. ಕೊಬ್ಬರಿ ಒಣಗಿಸುವ ಅಟ್ಟದ ಮೇಲೆ ಹರವಿಸಿದರು. ಒಳ್ಳೆಯದನ್ನು ಆರಿಸಲು ಬೋರಮ್ಮನಿಗೇ ಕೂಲಿ ಕೊಡಿಸಿದರು. ಪ್ರತಿ ವರ್ಷ ಮರದಡಿ ಆಯುತ್ತಿದ್ದ ಕಾಯನ್ನೇ ಬೋರಮ್ಮ ಈ ಸಲ ಅಟ್ಟದ ಮೇಲೆ ಕೂತು ಆಯ್ದಳು.

ಈಗ ಪುಟ್ಟರಾಜು ಅದನ್ನು ಪುಡಿ ಮಾಡಿಸಿ ಪೊಟ್ಟಣದಲ್ಲಿ ಮಾರುತ್ತಾನೆ. ಮೊದಲ ಪೊಟ್ಟಣವನ್ನು ಕಮಲಾಕ್ಷಮ್ಮನಿಗೇ ತಂದುಕೊಟ್ಟ. ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ದಪ್ಪಕ್ಷರದಲ್ಲಿ 'ಪರಿಸರಸ್ನೇಹಿ' ಎಂದಿತ್ತು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪುಡಿಯನ್ನು ಡಬ್ಬಿಗೆ ಸುರಿದುಕೊಂಡು ಖಾಲಿ ಪ್ಲಾಸ್ಟಿಕ್ ಪೊಟ್ಟಣವನ್ನು ಅವನ ಕೈಗೇ ಕೊಟ್ಟರು.

"ಇದನ್ನ ನೀನೇ ಇಟ್ಕೋಪ್ಪ," ಎಂದು ಸೀರೆ ನೆನೆಹಾಕಲು ಹಿತ್ತಲಿಗೆ ನಡೆದರು.